ಜ್ವರದ ಐದನೆಯ ದಿನ

ನಮ್ಮೂರಿನಲ್ಲಿ ಉತ್ತರದ ಗಾಳಿ ತಿರುಗುವುದು ಪುಷ್ಯ ಮಾಸದ ಮೊದಲ ವಾರದಲ್ಲಿ. ಅಲ್ಲಿಯವರೆಗೆ ಹೊಳೆಯ ಕಡೆಗೆ ಹೋಗುತ್ತಿದ್ದ ಹಂಚಿನ ಕಾರ್ಖಾನೆಯ ಹೊಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಊರಿನ ಮೇಲೆ ಬಾಗುತ್ತದೆ. ಅದನ್ನು ನೋಡಿದ ಕೂಡಲೇ ಹೆಂಗಸರು ಕಂಬಳಿಗಳನ್ನು ಬಿಸಿಲಿಗೆ ಹಾಕುತ್ತಾರೆ. ಕಾರ್ಖಾನೆಯ ಮೇಸ್ತ್ರಿ ಯಾರಿಗೆಲ್ಲ ರಜೆ ಬೇಕಾದೀತೆಂದು ಕೇಳಿ ಬರೆದುಕೊಳ್ಳುತ್ತಾನೆ. ಶಾಲೆಯಲ್ಲಿ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರೆ. ಗಾಳಿಯ ಹಿಂದೆಯೇ ಶೀತಜ್ವರ ಬರುತ್ತದೆ. ಮೊದಲು ಗಂಟಲು ಕೆರೆತ, ಆಮೇಲೆ ಮೈಕೈ ನೋವು, ನಡುಕ, ಕಣ್ಣುರಿ. ಐದನೆಯ ದಿನ, ಮಲಗಿದವರ ಮಂಚದ ಪಕ್ಕಕ್ಕೆ ಅವರ ಸತ್ತವರಲ್ಲಿ ಒಬ್ಬರು ಬಂದು ಕೂರುತ್ತಾರೆ.

ಬಂದವರು ಜ್ವರದವರಿಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ. ಅರ್ಧ ಗಂಟೆಯೋ ಒಂದು ಗಂಟೆಯೋ ಇದ್ದು, ಮೈ ಬೆವೆತು ಜ್ವರ ಇಳಿಯತೊಡಗಿದಾಗ ಎದ್ದು ಹೋಗುತ್ತಾರೆ. ಹೋದ ಲೋಕದ ಸುದ್ದಿಯನ್ನು ಅವರಲ್ಲಿ ಯಾರೂ ಹೇಳಿದ್ದಿಲ್ಲ. ಮೊಮ್ಮಗಳಿಗೆ ಕಿವಿ ಚುಚ್ಚಿಸಿದಿರಾ, ಮಾಡು ಸೋರುವುದು ನಿಂತಿತೇ, ಸಾರಿಗೆ ಇಷ್ಟು ಹುಳಿ ಯಾಕೆ ಹಾಕುತ್ತೀ, ಇಂಥವೇ ಮಾತು. ಯಾರು ಬರಬೇಕೆಂದು ಆರಿಸಿಕೊಳ್ಳುವಂತಿಲ್ಲ. ತಾಯಿಗಾಗಿ ಕಾದವರಿಗೆ ಸೋದರಮಾವ ಬಂದಿದ್ದುಂಟು. ಆದರೂ ಜನ ಕಾಯುತ್ತಾರೆ. ಕೇಳಬೇಕಾದ್ದನ್ನು ಮರೆಯಬಾರದೆಂದು ಚೀಟಿಯಲ್ಲಿ ಬರೆದು ದಿಂಬಿನ ಕೆಳಗೆ ಇಟ್ಟುಕೊಳ್ಳುವವರೂ ಇದ್ದಾರೆ. ಜ್ವರ ಇರುವ ಮೂರು ವಾರ ನಮ್ಮೂರಿನ ಓಣಿಗಳಲ್ಲಿ ಹಗಲಲ್ಲಿ ನಡೆದರೆ, ಒಂದು ಮನೆಯಲ್ಲಿ ಕೆಮ್ಮು, ಇನ್ನೊಂದರಲ್ಲಿ ಅಳು, ಮೂರನೆಯದರಲ್ಲಿ ಒಬ್ಬರೇ ಯಾರ ಜೊತೆಗೋ ನಗುತ್ತಿರುವ ದನಿ ಕೇಳುತ್ತದೆ.

ಪ್ರತಿ ವರ್ಷವೂ ಈ ಜ್ವರದಿಂದ ಏಳೆಂಟು ಜನ ಸಾಯುತ್ತಾರೆ. ವಯಸ್ಸಾದವರು, ಹಸುಳೆಗಳು, ಬಸುರಿಯರು, ಎದೆ ಗಟ್ಟಿಯಿಲ್ಲದವರು. ಇದಕ್ಕೊಂದು ಚುಚ್ಚುಮದ್ದು ಇದೆ. ಗಾಳಿ ತಿರುಗುವುದಕ್ಕೆ ಎರಡು ವಾರ ಮುಂಚೆ ಹಾಕಿಸಿಕೊಂಡರೆ ಹೆಚ್ಚಿನವರಿಗೆ ಜ್ವರ ಬರುವುದಿಲ್ಲ. ಜ್ವರ ಬಾರದಿದ್ದರೆ ಮಂಚದ ಪಕ್ಕಕ್ಕೆ ಯಾರೂ ಬರುವುದಿಲ್ಲ.

ಆ ಸೂಜಿ ಹಾಕುವವಳು ನಾನು. ಹೆಸರು ವಾರಿಜಾ, ಊರಿನ ಸರ್ಕಾರಿ ಆಸ್ಪತ್ರೆಯ ನರ್ಸು. ಹದಿನೇಳು ವರ್ಷದ ಹಿಂದೆ ವರ್ಗವಾಗಿ ಇಲ್ಲಿಗೆ ಬಂದೆ. ಸೂಜಿಗೆ ಬರುವವರನ್ನು ನೋಡಿದರೆ ಅವರ ಮನೆಯ ಕಥೆ ಗೊತ್ತಾಗುತ್ತದೆ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ತಾಯಂದಿರು ಬರುತ್ತಾರೆ. ಇನ್ನೂ ಯಾರನ್ನೂ ಕಳೆದುಕೊಳ್ಳದ ಹರೆಯದವರು ನಗುತ್ತಾ ತೋಳು ಮೇಲೆತ್ತುತ್ತಾರೆ. ಎರಡನೆಯ ಹೆಂಡತಿಯಾಗಿ ಬಂದ ಹೆಂಗಸರು ಗಂಡನನ್ನು ಕೈಹಿಡಿದು ಎಳೆದುಕೊಂಡು ಬಂದು, ನನ್ನ ಕಣ್ಣು ತಪ್ಪಿಸಿ, "ಇವರಿಗೆ ಮೊದಲು ಹಾಕಿ ಸಿಸ್ಟರ್" ಅನ್ನುತ್ತಾರೆ. ತಾಯಿ ಸತ್ತ ವರ್ಷವೇ ಸೂಜಿ ಹಾಕಿಸಿಕೊಂಡ ಒಬ್ಬ ಗಂಡಸನ್ನು ಕ್ಷೌರದಂಗಡಿಯಲ್ಲಿ ತಿಂಗಳುಗಟ್ಟಲೆ ಯಾರೂ ಮಾತಾಡಿಸಲಿಲ್ಲ. ಅವನ ಮನೆಯಲ್ಲಿ ಮೂರು ತಿಂಗಳ ಕೂಸಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆಸ್ಪತ್ರೆಯವರು ಎಲ್ಲರಿಗಿಂತ ಮೊದಲು ಹಾಕಿಸಿಕೊಳ್ಳಬೇಕೆಂಬುದು ನಿಯಮ. ನಾನು ಹೊರಗಿನವಳು, ಇಲ್ಲಿ ನನ್ನವರೆಂದು ಸತ್ತವರು ಯಾರೂ ಇರಲಿಲ್ಲ, ಆದ್ದರಿಂದ ಮೊದಲ ವರ್ಷಗಳಲ್ಲಿ ನನಗೆ ಅದು ಇರುವೆ ಕಚ್ಚಿದಷ್ಟೂ ಅನ್ನಿಸಲಿಲ್ಲ. ಬಂದ ಮೂರನೆಯ ವರ್ಷ ನಾಗಭೂಷಣ ಅವರನ್ನು ಮದುವೆಯಾದೆ. ಕಾರ್ಖಾನೆಯ ಹಂಚನ್ನು ಘಾಟಿಯಾಚೆಗೆ ಸಾಗಿಸುವ ಲಾರಿ ಓಡಿಸುತ್ತಿದ್ದರು. ಮನೆಯಲ್ಲಿ ಅವರು, ಅವರ ತಾಯಿ ದೇವೀರಮ್ಮ, ನಾನು. ಮಕ್ಕಳಾಗಲಿಲ್ಲ. ಆರು ವರ್ಷ ಚೆನ್ನಾಗಿಯೇ ಬದುಕಿದೆವು. ಕೊನೆಯ ವರ್ಷ ಅವರಿಗೆ ಘಾಟಿಯಾಚೆಯ ಊರಿನಲ್ಲಿ ಬಸ್ಸಿನ ಕೆಲಸ ಸಿಕ್ಕಿತು. ಎಲ್ಲರೂ ಹೋಗೋಣ ಅಂದರು. ನಾನು ವರ್ಗಕ್ಕೆ ಬರೆದುಕೊಡಲು ಒಪ್ಪಲಿಲ್ಲ. ಎರಡು ದಿನ ಮಾತು ಬಿಟ್ಟೆವು. ಮೂರನೆಯ ಬೆಳಿಗ್ಗೆ ತಟ್ಟೆಯಲ್ಲಿ ಹಾಕಿಟ್ಟ ರೊಟ್ಟಿ ಮುಟ್ಟದೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನಾನು ಒಳಗಿನಿಂದಲೇ, "ಹೋಗೋದಾದ್ರೆ ನೀವೊಬ್ರೇ ಹೋಗಿ" ಅಂದೆ. ಅವರು ಹೋದರು. ಮಧ್ಯಾಹ್ನ ಘಾಟಿಯ ಏಳನೆಯ ತಿರುವಿನಲ್ಲಿ ಲಾರಿ ಉರುಳಿತು.

ಆ ವರ್ಷ ಪುಷ್ಯದಲ್ಲಿ ಅತ್ತೆಗೆ ಜ್ವರ ಬಂತು. ನನಗೆ ನಿಯಮದಂತೆ ಸೂಜಿಯಾಗಿತ್ತು. ಐದನೆಯ ದಿನ ನಾನು ಅವರ ಕೋಣೆಯ ಬಾಗಿಲ ಹೊರಗೆ ಗೋಡೆಗೆ ಆನಿಕೊಂಡು ಕೂತಿದ್ದೆ. ಒಳಗೆ ಮಾತು ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಅತ್ತೆ ನನ್ನನ್ನು ಕರೆದರು. ಮುಖವೆಲ್ಲ ಬೆವರು.

"ಬಂದಿದ್ದ" ಅಂದರು.

ನನಗೆ ಕೇಳುವ ಧೈರ್ಯವಾಗಲಿಲ್ಲ. ಅವರೇ ಹೇಳಿದರು. "ಕೋಪ ಇಲ್ವಂತೆ ಕಣೇ. ಅವಳಿಗೆ ಹೇಳು, ನಂಗೆ ಅವತ್ತೂ ಕೋಪ ಇರ್ಲಿಲ್ಲ ಅಂದ."

ಅವರ ಪಾದದ ಮೇಲೆ ತಲೆಯಿಟ್ಟು ನಾನು ಅತ್ತದ್ದು ಅಷ್ಟಿಷ್ಟಲ್ಲ. ಅಲ್ಲಿಂದ ಪ್ರತಿ ವರ್ಷ ಹೀಗೆಯೇ. ಅತ್ತೆ ಜ್ವರ ಮಲಗುವರು, ನಾನು ಬಾಗಿಲ ಹೊರಗೆ ಕೂರುವೆನು, ಅವರು ಎದ್ದು ನನಗೊಂದು ಮಾತು ತಂದು ಕೊಡುವರು. ಬಚ್ಚಲುಮನೆಗೆ ಹೊಸ ನೆಲ ಹಾಕಿಸಿದ್ದು ಒಳ್ಳೆಯದಾಯಿತು ಅಂದನಂತೆ. ವಾರಿಜಾಗೆ ತಲೆ ನೆರೆಯುತ್ತಿದೆ, ಎಣ್ಣೆ ಹಚ್ಚಿಕೊಳ್ಳಲಿ ಅಂದನಂತೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ, ನಿನಗೆ ಗಾಳಿ ಆಗಿಬರುವುದಿಲ್ಲ ಅಂದನಂತೆ. ಆ ಒಂದು ಮಾತಿನಲ್ಲಿ ನಾನು ಒಂದು ವರ್ಷ ತೆಗೆಯುತ್ತಿದ್ದೆ.

ಅತ್ತೆ ಇಪ್ಪತ್ತಾರು ವರ್ಷ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಜರಡಿ ಹಿಡಿದವರು. ಆ ಧೂಳೆಲ್ಲ ಎದೆಯಲ್ಲಿ ಕೂತಿತ್ತು. ಉಸಿರಾಡಿದರೆ ಸಣ್ಣಗೆ ಪೀಪಿ ಊದಿದ ಹಾಗೆ ಸದ್ದು. ಕತ್ತಲಲ್ಲೂ ಅವರು ಮನೆಯ ಯಾವ ಮೂಲೆಯಲ್ಲಿದ್ದಾರೆಂದು ಆ ಸದ್ದಿನಿಂದಲೇ ನಾನು ಹೇಳಬಲ್ಲವಳಾಗಿದ್ದೆ. ಇಂಥ ಎದೆಗೆ ವರ್ಷ ವರ್ಷ ಶೀತಜ್ವರ ಬರಗೊಡುವುದೆಂದರೆ ಏನೆಂದು ನನಗೆ ತಿಳಿಯದೆ? ಪ್ರತಿ ವರ್ಷ ಸೂಜಿಯ ದಿನಗಳಲ್ಲಿ "ಅತ್ತೆ, ಹಾಕಿಸ್ಕೊಳ್ತೀರಾ?" ಎಂದು ಕೇಳುತ್ತಿದ್ದೆ. ಅವರು ಬೇಡವೆನ್ನುತ್ತಿದ್ದರು. ಎರಡನೆಯ ಸಲ ನಾನು ಕೇಳುತ್ತಿರಲಿಲ್ಲ. ಅವರು ಬೇಡವೆಂದಾಗ ನನ್ನ ಎದೆ ಹಗುರಾಗುತ್ತಿತ್ತು. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಏಳನೆಯ ವರ್ಷ ಜ್ವರದಿಂದ ಎದ್ದ ಮೇಲೂ ಅವರು ಒಂದೂವರೆ ತಿಂಗಳು ಮಂಚ ಬಿಡಲಾಗಲಿಲ್ಲ. ಎಂಟನೆಯ ವರ್ಷ ಮಾರ್ಗಶಿರದಲ್ಲಿ ಡಾಕ್ಟರ್ ಇಂದುಧರ ನನ್ನನ್ನು ಕೋಣೆಗೆ ಕರೆದರು. ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. ಅತ್ತೆಯ ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸಿಸ್ಟರ್, ಈ ಸಲ ಜ್ವರ ಬಂದ್ರೆ ಇವರು ಏಳೋದಿಲ್ಲ. ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ" ಅಂದರು.

ಆ ಸಂಜೆ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಪಕ್ಕ ಕೂತು ಒಂದು ಹಿಡಿ ತೆಗೆದುಕೊಂಡೆ.

"ಅತ್ತೆ, ಈ ವರ್ಷ ಸೂಜಿ ಹಾಕಿಸ್ಕೊಳ್ಳಿ."

"ವರ್ಷಾ ಕೇಳ್ತೀಯ, ವರ್ಷಾ ಬೇಡ ಅಂತೀನಿ. ಈ ಸಲ ಏನು ಹೊಸದು?"

"ಡಾಕ್ಟ್ರು ಫೋಟೋ ನೋಡಿದ್ರು."

"ಸಾಯ್ತಾಳೆ ಅಂದ್ರಾ?"

ನಾನು ಕಾಳು ಬಿಡಿಸುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡಿ, ಮತ್ತೆ ತಮ್ಮ ಕೆಲಸಕ್ಕೆ ಕೈ ಹಾಕಿದರು. "ಹಾಕಿಸ್ಕೊಂಡ್ರೆ ಜ್ವರ ಬರೋದೇ ಇಲ್ಲ ಅಂತ ಖಂಡಿತಾನಾ?" ಅಂದರು.

"ಖಂಡಿತ ಅಂತ ಹೇಳಕ್ಕಾಗಲ್ಲ ಅತ್ತೆ. ವರ್ಷ ವರ್ಷ ಜ್ವರ ಬೇರೆ ಥರ ಆಗಿ ಬರುತ್ತೆ. ಅದಕ್ಕೇ ಸೂಜೀನೂ ವರ್ಷಾ ಹೊಸದಾಗಿ ಹಾಕಬೇಕು. ಕೆಲವು ವರ್ಷ ಚೆನ್ನಾಗಿ ಹಿಡಿಯುತ್ತೆ, ಕೆಲವು ವರ್ಷ ಇಲ್ಲ. ವಯಸ್ಸಾದೋರಿಗೆ ಇನ್ನೂ ಕಮ್ಮಿ. ಆದ್ರೆ ಹಾಕಿಸ್ಕೊಂಡೋರಿಗೆ ಬಂದ್ರೂ ಸಾಮಾನ್ಯವಾಗಿ ಅಷ್ಟು ಜೋರಾಗಿ ಬರಲ್ಲ."

"ಅರ್ಧಂಬರ್ಧದ್ದಕ್ಕೆ ಊರೆಲ್ಲ ಸಾಲು ನಿಲ್ಲಿಸ್ತೀಯಲ್ಲೇ" ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಾನು ಬೆನ್ನು ನೀವುತ್ತಿದ್ದೆ. ಉಸಿರು ತಿರುಗಿದ ಮೇಲೆ ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು.

"ಆಯ್ತು, ಹಾಕು. ಒಂದು ಮಾತು. ನಾನು ಹಾಕಿಸ್ಕೋತೀನಿ, ನೀನು ಹಾಕಿಸ್ಕೋಬೇಡ."

"ಅದೆಂಗಾಗುತ್ತೆ? ನಿಯಮ ಇದೆ."

"ನಿಯಮ ನಿನ್ನ ಕೈಯಲ್ಲೇ ಇದೆಯಲ್ಲ, ಸೂಜಿ ಹಿಡಿಯೋಳು ನೀನು. ಎಂಟು ವರ್ಷ ಆಯ್ತು ವಾರಿಜಾ. ಬಾಗಿಲ ಹೊರಗೆ ಭಿಕ್ಷೆಯೋಳ ಥರ ಕೂತಿರ್ತೀಯ. ನನ್ನ ಬಾಯಲ್ಲಿ ಕೇಳಿದ್ದು ಸಾಕು. ಈ ಸಲ ನೀನೇ ನೋಡು. ನೀನೇ ಕೇಳು."

ನಾನು ಬೇಡವೆನ್ನಬೇಕಿತ್ತು. ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಹದಿನಾರು ವರ್ಷದಿಂದ ನಾನು ಹೇಳುತ್ತಾ ಬಂದ ಮಾತೊಂದಿತ್ತು: ಇದು ನಿಮಗಷ್ಟೇ ಅಲ್ಲ, ಮನೆಯಲ್ಲಿರುವ ಮುದುಕರಿಗೆ, ಕೂಸುಗಳಿಗೆ ನಿಮ್ಮಿಂದ ಹತ್ತದಿರಲೆಂದು ಹಾಕಿಸಿಕೊಳ್ಳಿ. ಸಾವಿರ ಸಲ ಹೇಳಿದ್ದ ಆ ಮಾತು ಆ ಸಂಜೆ ಜಗಲಿಯಲ್ಲಿ ನನ್ನ ಬಾಯಿಗೆ ಬರಲಿಲ್ಲ. ಅತ್ತೆಗೆ ಸೂಜಿಯಾಗುತ್ತದಲ್ಲ, ಅಷ್ಟು ಸಾಕು ಅಂದುಕೊಂಡೆ. ನಾಗಭೂಷಣ ಬಂದು ಕೂತರೆ ಮೊದಲ ಮಾತು ಏನಾಡಬೇಕೆಂದು ಅಷ್ಟರಲ್ಲೇ ಯೋಚಿಸತೊಡಗಿದ್ದೆ.

ಮರುದಿನ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದು ಸೂಜಿ ಹಾಕಿದೆ. ಅವರ ತೋಳು ನನ್ನ ಎರಡು ಬೆರಳಿನೊಳಗೆ ಹಿಡಿಯುವಷ್ಟು ಸಣ್ಣಗಾಗಿತ್ತು. "ಇಷ್ಟೇನಾ?" ಅಂದರು. ರಿಜಿಸ್ಟರಿನಲ್ಲಿ ಮೊದಲ ಸಾಲು ನನ್ನದು. ನನ್ನ ಪಾಲಿನ ಮದ್ದನ್ನು ಹತ್ತಿಯ ಉಂಡೆಗೆ ಒತ್ತಿ, ಹತ್ತಿಯನ್ನು ಬುಟ್ಟಿಗೆ ಹಾಕಿ, ಹೆಸರಿನ ಮುಂದೆ ಸಹಿ ಮಾಡಿದೆ.

ಗಾಳಿ ತಿರುಗಿದ ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಒಂದು ಮಗು ನನ್ನ ಮುಖದ ಮೇಲೆಯೇ ಕೆಮ್ಮಿತು. ಎರಡು ದಿನ ಬಿಟ್ಟು ನನ್ನ ಗಂಟಲು ಕೆರೆಯಿತು. ನನಗಾದ ಸಂತೋಷವನ್ನು ನೆನೆದರೆ ಇವತ್ತು ನಾಚಿಕೆಯಾಗುತ್ತದೆ. ರಜೆಗೆ ಬರೆದುಕೊಟ್ಟು ಮನೆಗೆ ಬಂದು ಮಲಗಿದೆ. ಅತ್ತೆ ನನಗಿಂತ ಸಡಗರದಲ್ಲಿದ್ದರು. ನನ್ನನ್ನು ಎಬ್ಬಿಸಿ ಕೂರಿಸಿ, "ಐದನೇ ದಿನಕ್ಕೆ ತಲೆ ಗಂಟು ಗಂಟಾಗಿರುತ್ತೆ, ಈಗಲೇ ಹೆಣೆದುಬಿಡ್ತೀನಿ" ಎಂದು ಬಾಚಿ ಬಿಗಿಯಾಗಿ ಜಡೆ ಹಾಕಿದರು. ಗಂಜಿ ಕಾಯಿಸಿದರು. ಹಣೆಗೆ ಒದ್ದೆ ಬಟ್ಟೆ ಹಾಕಿದರು.

"ಅತ್ತೆ, ನೀವು ಜುಬೇದಾ ಮನೆಗೆ ಹೋಗಿ ಇರಿ" ಅಂದೆ. ಜುಬೇದಾ ಪಕ್ಕದ ಮನೆಯವಳು. ಮಗುವಿನ ತಾಯಿಯಾದ್ದರಿಂದ ಅವಳಿಗೂ ಅವಳ ಗಂಡನಿಗೂ ಆ ವರ್ಷ ಸೂಜಿಯಾಗಿತ್ತು.

"ನಂಗೆ ಚುಚ್ಚಾಗಿದೆಯಲ್ಲ, ಇನ್ಯಾಕೆ ಹೆದರಿಕೆ?"

ಎರಡನೆಯ ಸಲವೂ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಎದ್ದು ನೀರು ಕುಡಿಯಲು ನನಗೆ ತ್ರಾಣವಿರಲಿಲ್ಲ, ಅವರ ಕೈ ಹಣೆಯ ಮೇಲೆ ತಂಪಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯಿಂದ ಅವರ ಕೆಮ್ಮು ಕೇಳಿತು. ಅದು ಹಂಚಿನ ಧೂಳಿನ ಹಳೆಯ ಕೆಮ್ಮಲ್ಲ. ಇಪ್ಪತ್ತು ವರ್ಷ ರೋಗಿಗಳ ಕೆಮ್ಮು ಕೇಳಿದ ಕಿವಿಗೆ ವ್ಯತ್ಯಾಸ ತಿಳಿಯದೇ ಇರುತ್ತದೆಯೇ? ಅವರು ಏನೂ ಆಗಿಲ್ಲವೆಂದರು. ಮಧ್ಯಾಹ್ನದ ಹೊತ್ತಿಗೆ ನಡುಮನೆಯ ಗೋಡೆಯಾಚೆ ಅವರ ಉಸಿರನ್ನು ಎಣಿಸುತ್ತಾ ಮಲಗಿದ್ದೆ. ನಿಮಿಷಕ್ಕೆ ಮೂವತ್ತು. ಮಾರನೆಯ ಬೆಳಿಗ್ಗೆ ನಲವತ್ತಾಯಿತು. ತೆವಳಿಕೊಂಡು ಕಿಟಕಿಯವರೆಗೆ ಹೋಗಿ, ಲೋಟದಿಂದ ಸರಳನ್ನು ಬಡಿದೆ. ಜುಬೇದಾ ಓಡಿ ಬಂದಳು. ಅವಳ ಗಂಡ ಆಟೋ ತಂದ. ಇಬ್ಬರೂ ಸೇರಿ ಅತ್ತೆಯನ್ನು ಎತ್ತಿ ಕೂರಿಸಿದರು. ನಾನು ಬರುತ್ತೇನೆಂದರೆ ಕಾಲು ನಿಲ್ಲಲಿಲ್ಲ. ಬಾಗಿಲಿನಲ್ಲಿ ಅತ್ತೆ ಅವರನ್ನು ತಡೆದು, ಒಂದೊಂದೇ ಮಾತು ಹೆಕ್ಕಿ ನನ್ನ ಕಡೆ ಹೇಳಿದರು.

"ನಾಳೆ ಅಲ್ವೇನೇ ಐದನೇ ದಿನ? ಒಬ್ಳೇ ಇದ್ದೀನಿ ಅಂತ ಅಗುಳಿ ಹಾಕ್ಕೋಬೇಡ."

ಐದನೆಯ ದಿನ ಬೆಳಿಗ್ಗೆ ಜುಬೇದಾ ಬಂದು ನನ್ನ ಮುಖ ಒರೆಸಿ, ಬಿಸಿನೀರು ಕುಡಿಸಿ, "ಆಸ್ಪತ್ರೆಗೆ ಹೋಗಿ ನೋಡ್ಕೊಂಡು ಬರ್ತೀನಿ ಅಕ್ಕಾ" ಎಂದು ಹೋದಳು. ನಾನು ಬಾಗಿಲ ಕಡೆಗೆ ಮುಖ ಮಾಡಿ ಮಲಗಿದೆ. ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ನೆಲದ ಮೇಲೆ ಸಾಗಿಸುತ್ತಿತ್ತು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಹೊರಬಾಗಿಲು ಸರಿದ ಸದ್ದಾಯಿತು. ಜಗಲಿಯಲ್ಲಿ ಹೆಜ್ಜೆ ಕೇಳಿತು. ಒಳಗೆ ಬಂದವರು ಅತ್ತೆ.

ಮೊದಲು ನನಗಾದದ್ದು ಬೇಸರ. ಅದನ್ನೂ ಹೇಳಿಬಿಡುತ್ತೇನೆ. ಇವರು ಇವತ್ತೇ ಯಾಕೆ ಬಂದರು, ಇವರಿದ್ದರೆ ಅವರು ಹೇಗೆ ಬಂದಾರು ಎಂದೇ ನನ್ನ ತಲೆಗೆ ಹೊಳೆದದ್ದು.

"ಅತ್ತೆ, ಇಷ್ಟು ಬೇಗ ಯಾಕೆ ಕಳಿಸಿದ್ರು? ಸ್ವಲ್ಪ ಹೊತ್ತು ಹೊರಗೆ ಕೂತಿರ್ತೀರಾ?" ಅಂದೆ.

ಅವರು ಬಂದು ಮಂಚದ ಅಂಚಿನಲ್ಲಿ ಕೂತರು. ಮಂಚ ಕಿರುಗುಟ್ಟಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಂಡರು. ಕೋಣೆ ನಿಶ್ಶಬ್ದವಾಗಿತ್ತು. ಎಷ್ಟು ನಿಶ್ಶಬ್ದವೆಂದರೆ ಪಕ್ಕದ ಮನೆಯ ಕೂಸಿನ ಗೆಜ್ಜೆ ಕೇಳುತ್ತಿತ್ತು. ಆಗ ತಿಳಿಯಿತು, ಅತ್ತೆಯ ಎದೆಯಲ್ಲಿ ಪೀಪಿಯ ಸದ್ದಿಲ್ಲ.

"ಅತ್ತೆ" ಅಂದೆ.

"ಹೂಂ. ಪ್ರಾಣ ಹೋಗಿ ಒಂದು ಗಂಟೆ ಆಯ್ತೇನೋ. ಅಳಬೇಡ, ಮೊದಲೇ ಮೂಗು ಕಟ್ಟಿದೆ ನಿಂಗೆ."

"ನನ್ನಿಂದ ಅತ್ತೆ. ನನ್ನಿಂದಲೇ ಹತ್ತಿದ್ದು."

"ಜುಬೇದಾಗೆ ಹೇಳು, ಅಡುಗೆಮನೇಲಿ ಹೆಪ್ಪು ಹಾಕಿದ್ದು ಹಾಗೇ ಇದೆ, ಹುಳಿ ಬರುತ್ತೆ" ಅಂದರು. ಸತ್ತವರು ಹಾಗೆಯೇ. ಎದುರಿಗೆ ಇಟ್ಟ ಮಾತನ್ನು ಎತ್ತಿಕೊಳ್ಳುವುದಿಲ್ಲ. ಆದರೆ ಆಮೇಲೆ ಅವರು ನನ್ನ ಕಡೆಗೆ ತಿರುಗಿದರು. "ನಿಂಗೆ ಒಂದು ಹೇಳ್ಬೇಕು. ಹೇಳದೆ ಹೋದ್ರೆ ಸರಿಯಲ್ಲ. ಅವನು ಬಂದದ್ದು ಒಂದೇ ವರ್ಷ ಕಣೇ. ಮೊದಲ್ನೇ ವರ್ಷ."

ನಾನು ಮೊಣಕೈ ಊರಿ ತಲೆ ಎತ್ತಿದೆ.

"ಆಮೇಲೆ ಬರ್ಲಿಲ್ಲ. ನಾಲ್ಕು ಸಲ ನಮ್ಮಪ್ಪ ಬಂದ. ಒಂದ್ಸಲ ನನ್ನ ಜೊತೆ ಜರಡಿ ಹಿಡೀತಿದ್ದ ಪುಟ್ಟಗೌರಿ. ಒಂದು ವರ್ಷ ಯಾರೋ ಗುರುತಿಲ್ಲದ ಹೆಂಗಸು, ಮನೆ ತಪ್ಪಿ ಬಂದ್ಲೋ ಏನೋ, ಇದ್ದಷ್ಟು ಹೊತ್ತೂ ಮಾತಿಲ್ಲದೆ ಅಕ್ಕಿ ಆರಿಸಿ ಎದ್ದು ಹೋದ್ಲು. ನೀನು ಬಾಗಿಲ ಹೊರಗೆ ಕೂತಿರ್ತಿದ್ದೆ. ಬರಿಗೈಲಿ ಹೆಂಗೆ ಕಳಿಸ್ಲಿ? ಏನೋ ಒಂದು ಹೇಳ್ತಿದ್ದೆ."

"ಎಣ್ಣೆ ಹಚ್ಕೋ ಅಂದದ್ದು?"

"ನಿನ್ನ ತಲೆ ನೋಡಿ ನಾನೇ ಅಂದದ್ದು."

"ಮೊದಲ್ನೇ ವರ್ಷದ್ದು?" ಎಂದು ಕೇಳಿದೆ. "ಕೋಪ ಇಲ್ಲ ಅಂದದ್ದು?"

ಅತ್ತೆ ನನ್ನ ಜಡೆಯ ತುದಿಯನ್ನು ಕೈಗೆ ತೆಗೆದುಕೊಂಡ ಹಾಗೆ ಮಾಡಿದರು. ನನಗೆ ಏನೂ ತಾಗಲಿಲ್ಲ. "ಏನೂ ಮಾತಾಡ್ಲಿಲ್ಲ ಅವನು. ಬಂದ, ನನ್ನ ತೊಡೆ ಮೇಲೆ ತಲೆಯಿಟ್ಟು ಮಲ್ಗಿದ. ಸುಸ್ತಾಗಿತ್ತು ಅಂತ ಕಾಣುತ್ತೆ, ಅಷ್ಟು ದೂರ ಲಾರಿ ಓಡಿಸಿ. ಹೋಗೋವರೆಗೂ ಎದ್ದೇಳ್ಲಿಲ್ಲ. ನಾನು ಎಬ್ಬಿಸ್ಲೂ ಇಲ್ಲ." ಆಮೇಲೆ, "ಹೇಳೋಕೆ ನನ್ನ ಹತ್ರ ಇನ್ನೇನೂ ಉಳಿದಿರ್ಲಿಲ್ಲ ವಾರಿಜಾ. ಹೋದ ವರ್ಷವೇ ಬರಿದಾಗಿತ್ತು. ನಿಂಗಾದ್ರೂ ಬರ್ತಾನೇನೋ ಅಂತ ಆಸೆಗೆ ಹಾಕಿಸ್ಕೋಬೇಡ ಅಂದೆ. ನಾನು ಬಂದು ಅಡ್ಡ ಕೂತ್ಕೋತೀನಿ ಅಂತ ಯಾರಿಗೆ ಗೊತ್ತಿತ್ತು?"

ನನ್ನ ಹಣೆಯ ಮೇಲೆ, ಕೊರಳಲ್ಲಿ ನೀರು ಇಳಿಯುತ್ತಿತ್ತು. ಜ್ವರ ಬಿಡುತ್ತಿದೆಯೆಂದು ತಿಳಿದು ನಾನು ಕಂಬಳಿಯನ್ನು ಬಿಗಿಯಾಗಿ ಎಳೆದು ಹೊದ್ದೆ, ಬೆವರನ್ನು ತಡೆದು ಹಿಡಿಯಬಹುದೇನೋ ಎಂಬಂತೆ.

"ಬೆವೆತಿದ್ದೀಯ. ಒರೆಸ್ಕೋ, ಶೀತ ಆದೀತು" ಎಂದು ಅತ್ತೆ ಎದ್ದರು.

"ಮುಂದಿನ ವರ್ಷ ಬರ್ತೀರಾ ಅತ್ತೆ?"

"ಮುಂದಿನ ವರ್ಷದ್ದು ನೀನು ನೋಡ್ಕೋ" ಎಂದು ಸೆರಗು ಹೊದ್ದುಕೊಂಡು ಹೋದರು.

ಜುಬೇದಾ ಬಂದಾಗ ನಾನು ಎದ್ದು ಗೋಡೆಗೆ ಒರಗಿ ಕೂತಿದ್ದೆ. ಅವಳು ಹೊಸ್ತಿಲಲ್ಲೇ ನಿಂತಳು. "ಅಕ್ಕಾ..." ಅಂದಳು.

"ಗೊತ್ತು ಜುಬೇದಾ. ಬಂದು ಹೋದ್ರು."

ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು. ಅವಳನ್ನು ಸಮಾಧಾನ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಕರ್ಮಗಳೆಲ್ಲ ಮುಗಿದ ಮೇಲೆ ನಾನು ಡಾಕ್ಟರ್ ಇಂದುಧರ ಅವರ ಕೋಣೆಗೆ ಹೋಗಿ ರಿಜಿಸ್ಟರು ತೆರೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟು, "ಇದು ಸುಳ್ಳು ಸಹಿ ಸರ್" ಅಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಹಾಕಿಸಿಕೊಂಡಿದ್ದರೂ ಅವರಿಗೆ ಇನ್ಯಾರಿಂದಲೋ ಬರಬಹುದಿತ್ತು. ಅಂಥ ಎದೆಗೆ ಸೂಜಿ ಪೂರ್ತಿ ಕಾವಲು ಕೊಡೋದಿಲ್ಲ."

"ಬರಬಹುದಿತ್ತು ಸರ್. ಆದ್ರೆ ಬಂದದ್ದು ನನ್ನಿಂದ."

ಅವರು ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡರು. ಮೇಲಿನವರಿಗೆ ಬರೆಯಲೇಬೇಕಾಗಿತ್ತು, ಬರೆದರು. ನನ್ನನ್ನು ಮೂರು ತಿಂಗಳು ಕೆಲಸದಿಂದ ದೂರ ಇಟ್ಟರು. ಅದು ಶಿಕ್ಷೆಯೆಂದು ನನಗೆ ಅನ್ನಿಸಲಿಲ್ಲ. ಆ ಮೂರು ತಿಂಗಳು ಸದ್ದಿಲ್ಲದ ಮನೆಯಲ್ಲಿ ಕೂತದ್ದು ಶಿಕ್ಷೆ. ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಹಿತ್ತಲಿಗೆ ನಡೆಯುತ್ತಿದ್ದೆ. ಯಾವ ಮೂಲೆಯಲ್ಲೂ ಯಾರೂ ಉಸಿರಾಡುತ್ತಿರಲಿಲ್ಲ.

ಮುಂದಿನ ಮಾರ್ಗಶಿರದಲ್ಲಿ ಮತ್ತೆ ಸಾಲು ನಿಂತಿತು. ಊರಿಗೆಲ್ಲ ನನ್ನ ವಿಷಯ ಗೊತ್ತಿತ್ತು. ಸಾಲಿನಲ್ಲಿದ್ದ ಒಬ್ಬ ಹೆಂಗಸು, ಬಗಲಲ್ಲಿ ಕೂಸು, ನನ್ನನ್ನೇ ದಿಟ್ಟಿಸಿ, "ನಿಜ ಹೇಳಿ ಸಿಸ್ಟರ್, ಇದನ್ನ ವರ್ಷಾ ವರ್ಷಾ ಹಾಕಿಸ್ಕೊಳ್ಳೋದ್ರಲ್ಲಿ ಉಪಯೋಗ ಇದೆಯಾ? ನಿಮ್ಮತ್ತೆಗೆ ಹಾಕಿದ್ರಲ್ಲ" ಅಂದಳು. ಹಿಂದಿನವರು ಅವಳನ್ನು ಸುಮ್ಮನಿರಿಸಲು ನೋಡಿದರು.

"ಅತ್ತೆಗೆ ಹಾಕಿದ್ದೆ. ಅವರಿಗೆ ಸಾಲಲಿಲ್ಲ" ಅಂದೆ. "ನಾನು ಹಾಕಿಸ್ಕೊಂಡಿದ್ರೆ ಬಹುಶಃ ಸಾಲ್ತಿತ್ತು. ಖಂಡಿತ ಸಾಲ್ತಿತ್ತು ಅಂತ ನಾನು ನಿಮಗೆ ಹೇಳಲ್ಲ. ಆ ಬಹುಶಃಗೋಸ್ಕರ ನಾನೀಗ ಹಾಕಿಸ್ಕೋತಿದ್ದೀನಿ, ನೋಡಿ."

ಕುಪ್ಪಸದ ತೋಳು ಮೇಲೆತ್ತಿ ಡಾಕ್ಟರ್ ಎದುರಿಗೆ ಕೂತೆ. ಸೂಜಿ ಒಳಗಿಳಿದಾಗ ಎಂದೂ ಇಲ್ಲದ ನೋವಾಯಿತು. ಈ ವರ್ಷ ಅತ್ತೆಯೂ ಬರುವಂತಿಲ್ಲ, ನಾಗಭೂಷಣರೂ ಬರುವಂತಿಲ್ಲ. ಆ ಬೆಳಗಿನ ಮಾತಿಗೆ ಅವರಿಗೆ ಕೋಪವಿತ್ತೇ ಇಲ್ಲವೇ ಎಂಬುದು ಇನ್ನು ಯಾರ ಬಾಯಿಂದಲೂ ನನಗೆ ತಿಳಿಯುವಂತಿಲ್ಲ. ಹತ್ತಿಯಿಂದ ತೋಳು ಒತ್ತಿಕೊಂಡು ಎದ್ದು ನನ್ನ ಕುರ್ಚಿಗೆ ಬಂದು, ಆ ಹೆಂಗಸಿನ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅವಳು ತಾನೂ ತೋಳು ಚಾಚಿದಳು.

ಎಲ್ಲರೂ ಚಾಚಲಿಲ್ಲ. ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಶ್ರೀಕಂಠಯ್ಯನವರು ಸಾಲಿನ ಪಕ್ಕ ಬಂದು ನಿಂತು, "ನಾನು ಬೇಡಾಂತ ಹೇಳಿ ಹೋಗೋಕೆ ಬಂದೆ ತಾಯಿ. ಹೇಳದೆ ಹೋದ್ರೆ ನೀವು ಮನೆಗೆ ಬರ್ತೀರಿ" ಅಂದರು. ಅವರ ಹೆಂಡತಿ ಆಷಾಢದಲ್ಲಿ ತೀರಿಕೊಂಡಿದ್ದರು. ಹಿಂದಿನ ವರ್ಷಗಳಾಗಿದ್ದರೆ ಅವರ ಹಿಂದೆ ಬಿದ್ದು ಉಪದೇಶ ಮಾಡುತ್ತಿದ್ದೆ. ಈ ಸಲ, "ಮೊಮ್ಮಕ್ಕಳನ್ನ ಬೇರೆ ಮನೇಲಿ ಮಲಗಿಸಿ ಯಜಮಾನರೇ. ಸೊಸೆಗೆ ನಾನು ಹಾಕಿದ್ದೀನಿ. ಜ್ವರ ಬಂದ ದಿನವೇ ಹೇಳಿಕಳಿಸಿ" ಅಂದೆ. ಅವರು ಕೈಮುಗಿದು ಹೋದರು.

ಗಾಳಿ ತಿರುಗಿತು. ನನಗೆ ಗಂಟಲು ಕೆರೆಯಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಚೀಲ ಹಿಡಿದು ದಿನವಿಡೀ ಓಣಿಗಳಲ್ಲಿ ಅಲೆದೆ. ಕೆಲವು ಮನೆಗಳಲ್ಲಿ ಕದ ತಟ್ಟುವ ಮೊದಲು, ಒಳಗೆ ಯಾರೋ ಯಾರಿಗೋ ಏನೋ ಹೇಳಿ ನಗುವುದನ್ನು ಕೇಳುತ್ತಾ ಹೊರಗೆ ನಿಂತೆ. ಮೂರನೆಯ ವಾರ ಶ್ರೀಕಂಠಯ್ಯನವರು ಮಲಗಿದರು. ದಿನಕ್ಕೆ ಎರಡು ಸಲ ಹೋಗಿ ಎದೆ ಪರೀಕ್ಷಿಸಿದೆ, ಉಸಿರು ಎಣಿಸಿದೆ. ಐದನೆಯ ದಿನ ಬೆಳಿಗ್ಗೆ ಹೋದಾಗ ಸೊಸೆ ಬಾಗಿಲಲ್ಲೇ ಬೆರಳು ತುಟಿಗಿಟ್ಟು ಒಳಗೆ ಬಿಟ್ಟಳು. ನಾನು ಮಂಚದ ಹತ್ತಿರ ಹೋಗಿ, ಥರ್ಮಾಮೀಟರನ್ನು ಒದರಿ, ಅವರ ಕಡೆಗೆ ಬಾಗಿದೆ.

ಅವರು ನನ್ನನ್ನು ನೋಡಲಿಲ್ಲ. ನನ್ನ ಹೆಗಲಿನಾಚೆ ಎಲ್ಲೋ ನೋಡುತ್ತಿದ್ದರು. ಆ ಮುಖದಲ್ಲಿದ್ದ ಸಂತೋಷವನ್ನು ನಾನು ಬೇರೆ ಯಾವ ಮುದುಕರ ಮುಖದಲ್ಲೂ ನೋಡಿದ್ದಿಲ್ಲ.

"ಸ್ವಲ್ಪ ಈ ಕಡೆ ಸರ್ಕೊಳ್ಳಿ ತಾಯಿ" ಅಂದರು. "ಅವಳು ಕೂತಿರೋ ಕಡೇನೇ ನಿಂತಿದ್ದೀರಿ."

ನಾನು ಸರಿದು ನಿಂತೆ. ಅವರ ಬಾಯಿಗೆ ಥರ್ಮಾಮೀಟರು ಇಟ್ಟು ತೆಗೆಯುವವರೆಗೆ ಅವರಿಬ್ಬರ ನಡುವೆ ಕೈ ಅಡ್ಡ ಬಾರದಂತೆ ಎಚ್ಚರ ವಹಿಸಿದೆ. ನೂರಾ ಮೂರು ಇತ್ತು. ಬರೆದುಕೊಂಡು, ಕದ ಮುಂದೆ ಮಾಡಿ, ಮುಂದಿನ ಮನೆಗೆ ಹೋದೆ.